ಲೂನಾದ ಗಂಟಲು: ಅಸಲು ಯಾವುದು, ನಕಲು ಯಾವುದು?

ಜಗಲಿಯ ಮೂಲೆಯಲ್ಲಿ ಹಳೆಯ ಲೂನಾ ಒಂದನ್ನು ನಿಲ್ಲಿಸಿಕೊಂಡು, ಅದನ್ನು ಓಡಿಸಲೂ ಆಗದೆ, ಗುಜರಿಯವನಿಗೆ ತೂಗಿ ಕೊಡಲೂ ಮನಸ್ಸು ಬಾರದೆ ಇರುವ ಸಂಸಾರಗಳು ನಮ್ಮ ಊರುಗಳಲ್ಲಿ ಇಂದಿಗೂ ಅನೇಕ ಉಂಟು. ನಮ್ಮದೂ ಅಂಥದೊಂದು ಸಂಸಾರ. ತಂದೆಯವರು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, 1984ರಲ್ಲಿ, ಕಂತಿನ ಮೇಲೆ ಕೊಂಡ ಲೂನಾ ಅದು. ಅದರ ಕ್ಯಾರಿಯರಿನ ಮೇಲೆ ಕುಳಿತು ನಾನು ಶಾಲೆಗೆ ಹೋಗಿದ್ದೇನೆ. ಅಕ್ಕಿಯ ಮೂಟೆ ಗಿರಣಿಗೆ ಹೋಗಿದೆ. ಅಕ್ಕನ ಮದುವೆಯ ಕರೆಯೋಲೆಗಳು ಮೈಸೂರಿನ ಬೀದಿಬೀದಿಗಳಲ್ಲಿ ಹಂಚಿಕೆಯಾಗಿವೆ. ಕಳೆದ ಹದಿನೈದು ವರ್ಷಗಳಿಂದ ಅದು ಗೋಣಿಯ ತಾಟು ಹೊದ್ದು ಮಲಗಿತ್ತು.

ತಂದೆಯವರಿಗೆ ಈಗ ಎಂಬತ್ತಮೂರು. ಗಾಡಿ ಹತ್ತುವ ಆಸೆ ಅವರಿಗಿಲ್ಲ. "ಅದರ ಸದ್ದು ಒಂದು ಸಲ ಕೇಳಬೇಕಲ್ಲ" ಎಂದು ಯಾವಾಗಲೋ ಒಮ್ಮೆ ಅಂದದ್ದನ್ನು ನನ್ನ ಮಗ ಕಿವಿಯಲ್ಲಿಟ್ಟುಕೊಂಡ. ಅವನು ಎಂಜಿನಿಯರಿಂಗ್ ಓದುವ ಹುಡುಗ. ಯಂತ್ರ ಕಂಡರೆ ಬಿಚ್ಚದೆ ಬಿಡುವವನಲ್ಲ. ಟ್ಯಾಂಕು ತೊಳೆದ, ಕೇಬಲ್ಲು ಬದಲಿಸಿದ, ಹೊಸ ಪ್ಲಗ್ಗು ಹಾಕಿದ. ಕಾರ್ಬುರೇಟರು ಮಾತ್ರ ಒಳಗೆಲ್ಲ ಪಾಚಿಗಟ್ಟಿದಂತಾಗಿ, ಪೆಟ್ರೋಲು ಒಣಗಿ ಅಂಟಾಗಿ ಕುಳಿತಿತ್ತು. ಅದನ್ನು ಉಜ್ಜಿ ತೊಳೆಯುವ ತಾಳ್ಮೆ ಯಾರಿಗಿದೆ? ಹೊಸದನ್ನೇ ತರಿಸಿದ. ಬಂದ ಡಬ್ಬಿ ಬಹು ಚೆನ್ನಾಗಿತ್ತು. ಅದರ ಮೇಲಿದ್ದ ಹೆಸರು ಅಸಲು ಕಂಪನಿಯ ಹೆಸರಿನಂತೆಯೇ ಕಾಣುತ್ತಿತ್ತು. ಒಂದಕ್ಷರ ಮಾತ್ರ ಬೇರೆ ಎಂಬುದು ಅನಂತರ ತಿಳಿಯಿತು.

ಹೊಸ ಕಾರ್ಬುರೇಟರು ಹಾಕಿದ ದಿನ ಲೂನಾ ನಾಲ್ಕನೆಯ ತುಳಿತಕ್ಕೆ ಎದ್ದಿತು. ತಂದೆಯವರು ಜಗಲಿಯ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ, "ಸ್ವರ ಸ್ವಲ್ಪ ತೆಳ್ಳಗಿದೆ" ಎಂದರು. ನಾವು ನಕ್ಕೆವು. ನಾಲ್ಕನೆಯ ದಿನ ಮಗ ಶ್ರೀರಂಗಪಟ್ಟಣದ ದಾರಿಯಲ್ಲಿ ಅದನ್ನು ಪೂರ್ತಿ ವೇಗದಲ್ಲಿ ಬಿಟ್ಟಿದ್ದಾಗ ಎಂಜಿನ್ನು ಕಿರ್ರೆಂದು ಸದ್ದು ಮಾಡಿ ತಟ್ಟನೆ ನಿಂತುಹೋಯಿತು. ಹುಡುಗನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಹಿಂದೆ ಬರುತ್ತಿದ್ದ ಲಾರಿಯವನು ಸಮಯಕ್ಕೆ ಬ್ರೇಕು ಹಾಕದೆ ಇದ್ದಿದ್ದರೆ ಈ ಲೇಖನವನ್ನು ಬರೆಯುವ ಮನಸ್ಥಿತಿ ನನಗಿರುತ್ತಿರಲಿಲ್ಲ.

ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಂಡಿ ಮೊಹಲ್ಲಾದ ಹಳೆಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆವು. ಲೂನಾಗಳ ಕಾಲವನ್ನೆಲ್ಲ ಕಂಡವರು ಅವರು. ಸಿಲಿಂಡರು ಬಿಚ್ಚಿ ಪಿಸ್ಟನ್ನನ್ನು ಬೆಳಕಿಗೆ ಹಿಡಿದರು. ಅದರ ಪಕ್ಕದಲ್ಲಿ ಬೆಕ್ಕು ಪರಚಿದಂತೆ ಉದ್ದುದ್ದ ಗೀರುಗಳು.

"ಎಣ್ಣೆ ಹಾಕಿರಲಿಲ್ವಾ ಸ್ವಾಮಿ?"

"ಹಾಕಿದ್ದೆವು ಭಾಯ್, ಲೆಕ್ಕ ಮಾಡಿಯೇ ಹಾಕಿದ್ದೆವು."

ಅವರು ಪ್ಲಗ್ಗನ್ನು ನೋಡಿದರು. ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅನಂತರ ಹೊಳೆಯುತ್ತಿದ್ದ ಹೊಸ ಕಾರ್ಬುರೇಟರನ್ನು ಬೆರಳಿನಿಂದ ತಟ್ಟಿ, "ಎಣ್ಣೆ ನೀವು ಹಾಕಿದ್ದೀರಿ. ಇದು ಒಳಗೆ ಬಿಡಲಿಲ್ಲ" ಎಂದರು.

ಫ್ಲಿಟ್ ಪಂಪಿನ ತತ್ತ್ವ

ಹಿಂದೆ ಸೊಳ್ಳೆ ತಿಗಣೆಗಳಿಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ಕಂಡವರಿಗೆ ಕಾರ್ಬುರೇಟರನ್ನು ವಿವರಿಸುವುದು ಸುಲಭ. ಪಂಪಿನ ಹಿಡಿಯನ್ನು ಒತ್ತಿದಾಗ ಗಾಳಿ ರಭಸದಿಂದ ಒಂದು ಸಣ್ಣ ಕೊಳವೆಯ ಬಾಯಿಯ ಮೇಲೆ ಹಾಯುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಡಬ್ಬಿಯಲ್ಲಿರುವ ದ್ರವ ತಾನಾಗಿಯೇ ಮೇಲೇರಿ ತುಂತುರಾಗುತ್ತದೆ. ಕಾರ್ಬುರೇಟರಿನಲ್ಲಿ ಕೈಯಿಂದ ಒತ್ತುವ ಬದಲು ಎಂಜಿನ್ನೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ದಾರಿ ನಡುವೆ ಇಕ್ಕಟ್ಟಾಗಿರುವುದರಿಂದ ಅಲ್ಲಿ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಒಂದು ಸೂಕ್ಷ್ಮ ರಂಧ್ರದ ಮೂಲಕ ಮೇಲೆ ಚಿಮ್ಮುತ್ತದೆ. ಈ ರಂಧ್ರವುಳ್ಳ ಹಿತ್ತಾಳೆಯ ತಿರುಪಿಗೇ ಜೆಟ್ಟು ಎಂದು ಹೆಸರು. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರದಂತೆ ಇಳಿಯದಂತೆ ಕಾಯಲು ಒಂದು ತೇಲುಬುರುಡೆ, ಅದರ ಮೇಲೊಂದು ಸೂಜಿ. ಗಾಳಿಯ ದಾರಿಯನ್ನು ತೆರೆದು ಮುಚ್ಚಲು, ಆಕ್ಸಿಲರೇಟರಿನ ತಂತಿಗೆ ಕಟ್ಟಿದ, ಮೇಲೆ ಕೆಳಗೆ ಜಾರುವ ಸ್ಲೈಡು. ಇಷ್ಟೇ ಸಂಸಾರ.

ನಮ್ಮ ಲೂನಾದ ವಂಶವೃಕ್ಷವನ್ನು ಇಲ್ಲಿ ಒಂದು ಕ್ಷಣ ನೋಡಬೇಕು. ಇಟಲಿಯ ಪಿಯಾಜಿಯೊ ಸಂಸ್ಥೆ, ಅಂದರೆ ವೆಸ್ಪಾ ಸ್ಕೂಟರಿನ ತವರುಮನೆ, 1967ರಲ್ಲಿ 'ಚಾವ್' ಎಂಬ ಮೊಪೆಡ್ಡನ್ನು ಹೊರತಂದಿತು. ಆ ಮಾತಿಗೆ ಇಟಲಿಯಲ್ಲಿ 'ನಮಸ್ಕಾರ' ಎಂದೂ ಅರ್ಥ, 'ಹೋಗಿ ಬರುತ್ತೇನೆ' ಎಂದೂ ಅರ್ಥ. 2006ರವರೆಗೂ ಅದರ ತಯಾರಿಕೆ ನಡೆಯಿತು. ಆ ಚಾವ್‌ನ ವಿನ್ಯಾಸವನ್ನು ಪರವಾನಗಿಯ ಮೇಲೆ ಪಡೆದು ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಸಂಸ್ಥೆ 1972ರಲ್ಲಿ ಲೂನಾವನ್ನು ಭಾರತದ ಬೀದಿಗಿಳಿಸಿತು. ಬಸ್ಸಿಗೆ ಕಾಯಲಾರದ, ಸ್ಕೂಟರಿಗೆ ಹಣ ಸಾಲದ ಗುಮಾಸ್ತರು, ಉಪಾಧ್ಯಾಯರು, ಹಾಲಿನವರು, ಕಾಲೇಜಿನ ಹುಡುಗಿಯರು ಅದನ್ನು ಮನೆಯ ಮಗಳಂತೆ ಸಾಕಿದರು.

ಚಾವ್‌ನ ಉಸಿರಿಗೆ ಒದಗಿದ್ದು ಡೆಲ್ಲೋರ್ಟೊ ಎಂಬ ಇಟಲಿಯ ಕಂಪನಿಯ ಕಾರ್ಬುರೇಟರು. ಮಿಲಾನ್ ಪಟ್ಟಣದ ಬಳಿ 1933ರಲ್ಲಿ ಆರಂಭವಾದ ಕಂಪನಿ ಅದು. ಅದರ 'ಎಸ್.ಎಚ್.ಎ.' ಎಂಬ ಜಾತಿಯ ಪುಟ್ಟ ಕಾರ್ಬುರೇಟರುಗಳು ಯೂರೋಪಿನ ಎಷ್ಟೋ ಮೊಪೆಡ್ಡುಗಳಲ್ಲಿ ಕೆಲಸ ಮಾಡಿವೆ. ದೊಡ್ಡ ಮೋಟಾರ್ ಸೈಕಲ್ಲುಗಳ ಕಾರ್ಬುರೇಟರಿನಲ್ಲಿ ಸ್ಲೈಡಿಗೆ ಒಂದು ಮೊನಚಾದ ಸೂಜಿ ಜೋಡಿಸಿರುತ್ತಾರೆ. ಅದು ಮೇಲೇರಿದಂತೆ ಪೆಟ್ರೋಲಿನ ಪ್ರಮಾಣ ಹೆಚ್ಚುತ್ತದೆ. ಎಸ್.ಎಚ್.ಎ.ಯಲ್ಲಿ ಆ ಸೂಜಿಯೂ ಇಲ್ಲ. ಒಂದು ಸ್ಲೈಡು, ಒಂದು ಜೆಟ್ಟು, ಒಂದು ಬಟ್ಟಲು. ಗಾಳಿಯ ದಾರಿಯೋ ಕಿರುಬೆರಳಿನಷ್ಟು. ಇಷ್ಟು ಸರಳವಾದುದನ್ನು ನಕಲು ಮಾಡುವುದೇನು ಮಹಾ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಭಾಗಗಳು ಕಡಿಮೆಯಾದಷ್ಟೂ ಒಂದರ ತಪ್ಪನ್ನು ಇನ್ನೊಂದು ತಿದ್ದುವ ಅವಕಾಶವೂ ಕಡಿಮೆ. ಎಲ್ಲ ಭಾರವೂ ಆ ಒಂದು ಜೆಟ್ಟಿನ ರಂಧ್ರದ ಮೇಲೆ.

ಕೂದಲಿಗಿಂತ ಸಣ್ಣ ವ್ಯತ್ಯಾಸ

ಮೊಪೆಡ್ಡು ಗಂಟೆಗೆ ಸುಮಾರು 600 ಮಿಲಿಲೀಟರು ಪೆಟ್ರೋಲು ಕುಡಿಯುತ್ತದೆಂದು ಇಟ್ಟುಕೊಳ್ಳೋಣ. ಅಂದರೆ ನಿಮಿಷಕ್ಕೆ 10 ಮಿಲಿಲೀಟರು. ಆ ಒಂದು ನಿಮಿಷದಲ್ಲಿ ಎಂಜಿನ್ನು 4,000 ಸಲ ಸುತ್ತುತ್ತದೆ. ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್, ಎಂಜಿನ್ನಾದ್ದರಿಂದ ಪ್ರತಿ ಸುತ್ತಿಗೂ ಒಂದು ಗುಟುಕು. ಭಾಗಿಸಿ ನೋಡಿದರೆ, ಔಷಧದ ಶೀಸೆಯಿಂದ ಬೀಳುವ ಒಂದು ತೊಟ್ಟನ್ನು ಎಂಜಿನ್ನು ಇಪ್ಪತ್ತು ಗುಟುಕಾಗಿ ಕುಡಿಯುತ್ತದೆ! ಈ ಗುಟುಕನ್ನು ಅಳೆದು ಕೊಡುವುದೇ ಜೆಟ್ಟಿನ ಕೆಲಸ.

ಡೆಲ್ಲೋರ್ಟೊ ಜೆಟ್ಟಿನ ಮೇಲೆ 50 ಎಂದು ಕೊರೆದಿದ್ದರೆ ಅದರ ರಂಧ್ರದ ವ್ಯಾಸ ಮಿಲಿಮೀಟರಿನ ನೂರರಲ್ಲಿ 50 ಪಾಲು, ಅಂದರೆ ಅರ್ಧ ಮಿಲಿಮೀಟರು, ಎಂದು ಅರ್ಥ. 55 ಆದರೆ ಅದಕ್ಕಿಂತ ನೂರರಲ್ಲಿ ಐದು ಪಾಲು ದೊಡ್ಡದು. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆಯಾದ ವ್ಯತ್ಯಾಸ. ಆದರೆ ರಂಧ್ರದಲ್ಲಿ ಹರಿಯುವ ಪ್ರಮಾಣ ವ್ಯಾಸದಂತಲ್ಲ, ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಲೆಕ್ಕ ಹಾಕಿದರೆ ಪೆಟ್ರೋಲು ಶೇಕಡ 21ರಷ್ಟು ಹೆಚ್ಚಾಗುತ್ತದೆ. ಅಡಿಗೆಯಲ್ಲಿ ಉಪ್ಪು ಐದರಲ್ಲಿ ಒಂದು ಪಾಲು ಹೆಚ್ಚಾದರೆ ಉಣ್ಣುವವರು ಏನೆನ್ನುತ್ತಾರೆಂಬುದು ಗೃಹಿಣಿಯರಿಗೆ ತಿಳಿದೇ ಇದೆ.

ಪೆಟ್ರೋಲು ಹೆಚ್ಚಾದರೆ ಹೊಗೆ, ಮಸಿ, ಹಣದ ನಷ್ಟ. ಕಡಿಮೆಯಾದರೆ? ಸಾಮಾನ್ಯರ ಎಣಿಕೆ, ಮೈಲೇಜು ಸಿಗುತ್ತದೆಂದು. ನಾಲ್ಕು ಹೊಡೆತದ ಎಂಜಿನ್ನುಗಳಲ್ಲಿ ಆ ಎಣಿಕೆಗೆ ಅಷ್ಟಿಷ್ಟು ಆಧಾರವಿದ್ದೀತು. ಲೂನಾದಂಥ ಎರಡು ಹೊಡೆತದ ಗಾಡಿಯಲ್ಲಿ ಅದು ಅಪಾಯಕರವಾದ ಲೆಕ್ಕ. ಏಕೆಂದರೆ ಅಲ್ಲಿ ಎಂಜಿನ್ನಿಗೆ ಬೇರೆ ಎಣ್ಣೆಯ ಕೊಳವಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕೈಪಂಪಿನಿಂದ ಪಿಚಕಾರಿಯಂತೆ ಟ್ಯಾಂಕಿಗೆ ಬಿಡುತ್ತಿದ್ದರಲ್ಲ, ಆ ಟು-ಟಿ ಎಣ್ಣೆಯೇ ಪೆಟ್ರೋಲಿನೊಂದಿಗೆ ಬೆರೆತು, ಅದೇ ಜೆಟ್ಟಿನ ಅದೇ ರಂಧ್ರದಿಂದ ಬಂದು, ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡು ಸವರಬೇಕು. ಜೆಟ್ಟು ಕಿರಿದಾದರೆ ಎಣ್ಣೆಯೂ ಅಷ್ಟೇ ಕಡಿಮೆ. ಜೊತೆಗೆ, ಪೆಟ್ರೋಲು ತೆಳುವಾದ ಮಿಶ್ರಣ ಉರಿದಾಗ ಒಳಗೆ ಬಿಸಿ ಏರುತ್ತದೆ. ಪಿಸ್ಟನ್ನು ಅಲ್ಯುಮಿನಿಯಂ, ಬೀಡುಕಬ್ಬಿಣದ ಸಿಲಿಂಡರು ಬಿಸಿಗೆ ಹಿಗ್ಗುವುದರ ಸುಮಾರು ಎರಡರಷ್ಟು ಅದು ಹಿಗ್ಗುತ್ತದೆ. ಒಂದು ಕಡೆ ಜಿಡ್ಡಿಲ್ಲ, ಇನ್ನೊಂದು ಕಡೆ ಜಾಗವಿಲ್ಲ. ಶ್ರೀರಂಗಪಟ್ಟಣದ ದಾರಿಯಲ್ಲಿ ನಡೆದದ್ದು ಇದೇ. ತಂದೆಯವರ ಕಿವಿ ನಾಲ್ಕು ದಿನ ಮೊದಲೇ ಅದನ್ನು ಹೇಳಿತ್ತು. ನಾವು ವೃದ್ಧಾಪ್ಯದ ಮಾತೆಂದು ನಕ್ಕಿದ್ದೆವು.

ಮೆಕ್ಯಾನಿಕರ ಪರೀಕ್ಷೆ

ನನ್ನ ಮಗನಿಗೆ ಈಗ ಹಟ ಹುಟ್ಟಿತು. ನಕಲಿನಲ್ಲಿ ದೋಷವೆಲ್ಲಿ ಎಂಬುದನ್ನು ಕಣ್ಣಾರೆ ನೋಡಬೇಕೆಂದ. ಮೆಕ್ಯಾನಿಕರಿಗೂ ಅದು ಹಿಡಿಸಿತು. ನಮ್ಮ ಹಳೆಯ ಕಾರ್ಬುರೇಟರನ್ನು ಒಂದು ರಾತ್ರಿ ದ್ರಾವಕದಲ್ಲಿ ನೆನೆಹಾಕಿ ತೊಳೆದರು. ಬೆಂಚಿನ ಮೇಲೆ ಹಳೆ ಪತ್ರಿಕೆ ಹಾಸಿ ಎಡಕ್ಕೆ ಅಸಲನ್ನೂ ಬಲಕ್ಕೆ ನಕಲನ್ನೂ ಬಿಚ್ಚಿ ಹರವಿದರು.

ಮೇಲುನೋಟಕ್ಕೆ ನಕಲೇ ಗೆದ್ದಿತ್ತು. ಫಳಫಳ ಹೊಳಪು, ನುಣ್ಣನೆಯ ತಿರುಪುಗಳು. ಅಸಲಿನ ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಬೆರಳಾಡಿಸಿದರೆ ನಕಲಿನ ಅಂಚಿನಲ್ಲಿ, ಎರಕದ ಎರಡು ಅಚ್ಚುಗಳು ಕೂಡಿದ ಕಡೆ, ಒಂದು ಸಣ್ಣ ಏಣು ತಾಗುತ್ತಿತ್ತು. ಅಸಲಿನಲ್ಲಿ ಅದನ್ನು ಅರೆದು ತೆಗೆದಿದ್ದರು. ಅದು ಅಂದದ ಮಾತು, ಹೋಗಲಿ. ಮೆಕ್ಯಾನಿಕರು ಗಾಜಿನ ಹಲಗೆಯೊಂದಕ್ಕೆ ಪೆನ್ನಿನ ಶಾಯಿ ಸವರಿ, ಬಟ್ಟಲು ಕೂರುವ ಅಂಚನ್ನು ಅದರ ಮೇಲೆ ಒತ್ತಿ ಎತ್ತಿದರು. ಅಸಲಿನ ಅಂಚಿಗೆ ಶಾಯಿ ಸುತ್ತಲೂ ಅಂಟಿತ್ತು. ನಕಲಿನಲ್ಲಿ ಎರಡು ಕಡೆ ಅಂಟಿರಲೇ ಇಲ್ಲ. ಅಂದರೆ ಅಂಚು ಸಮತಟ್ಟಾಗಿಲ್ಲ. ಅಲ್ಲಿ ಪೆಟ್ರೋಲು ಒಸರುತ್ತದೆ.

ಅನಂತರ ಸ್ಲೈಡು. ಇಲ್ಲಿ ಫಲಿತಾಂಶ ತಿರುಗುಮುರುಗಾಯಿತು. ನಕಲಿನ ಸ್ಲೈಡು ತನ್ನ ತೂಕಕ್ಕೇ ನಿಧಾನವಾಗಿ, ಅಲುಗಾಡದೆ ಕೆಳಗಿಳಿಯಿತು. ನಮ್ಮ ಅಸಲಿನದು ಲಟಪಟ ಅಲ್ಲಾಡಿತು. ಮೂವತ್ತು ವರ್ಷ ಮೇಲೆ ಕೆಳಗೆ ಜಾರಿ ಜಾರಿ ಅದರ ಮೈ ಸವೆದಿದೆ. ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರು ಬಿಟ್ಟರೂ ಎಂಜಿನ್ನು ಸುಮ್ಮನಾಗದೆ ಕೂಗುವುದು ಇದರಿಂದಲೇ. ಅಸಲು ಎಂಬ ಮಾತ್ರಕ್ಕೆ ಇದನ್ನು ಮುಚ್ಚಿಡಲಾದೀತೆ? ಹಳೆಯ ಗಾಡಿಗಳ ಅಭಿಮಾನಿಗಳು ಈ ವಿಷಯದಲ್ಲಿ ಸ್ವಲ್ಪ ಕುರುಡರೆಂದೇ ನನ್ನ ಅಭಿಪ್ರಾಯ. ಕಾರ್ಖಾನೆಯಿಂದ ಹೊರಬಿದ್ದ ದಿನದ ಅಸಲೇ ಬೇರೆ, ಮೂವತ್ತು ವರ್ಷ ದುಡಿದ ಅಸಲೇ ಬೇರೆ.

ಸೂಜಿಯ ಪರೀಕ್ಷೆ ಬಹು ಸುಲಭ; ಮನೆಯಲ್ಲಿಯೂ ಮಾಡಬಹುದು. ಕಾರ್ಬುರೇಟರನ್ನು ತೇಲುಬುರುಡೆ ಸಹಿತ ತಲೆಕೆಳಗು ಹಿಡಿದು, ಪೆಟ್ರೋಲು ಬರುವ ಕೊಳವೆಗೆ ಬಾಯಿಟ್ಟು ಮೆಲ್ಲಗೆ ಊದಬೇಕು. ಬುರುಡೆಯ ಭಾರಕ್ಕೆ ಸೂಜಿ ದಾರಿಯನ್ನು ಮುಚ್ಚಿರುವುದರಿಂದ ಗಾಳಿ ಹೋಗಕೂಡದು. ಎರಡರಲ್ಲಿಯೂ ಹೋಯಿತು! ಅಸಲಿನ ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆತದ ಗೆರೆ ಬಿದ್ದಿತ್ತು. ನಕಲಿನದರಲ್ಲಿ ಸೂಜಿ ಚೆನ್ನಾಗಿತ್ತು, ಕೂರುವ ಕುಣಿಯೇ ಸೊಟ್ಟಗಿತ್ತು. ಮೊದಲಿನದಕ್ಕೆ ಹೊಸ ಸೂಜಿ ಹಾಕಿದರೆ ಸರಿಹೋಗುತ್ತದೆ. ಎರಡನೆಯದಕ್ಕೆ ಮದ್ದಿಲ್ಲ.

ಕೊನೆಗೆ ಜೆಟ್ಟು. ಎರಡು ಜೆಟ್ಟುಗಳ ಮೇಲೂ ಒಂದೇ ಅಂಕಿ. ಕಣ್ಣಿಗೆ ಎರಡು ರಂಧ್ರವೂ ಒಂದೇ. ಮೆಕ್ಯಾನಿಕರು ತಮ್ಮ ಡ್ರಾಯರಿನ ಮೂಲೆಯಿಂದ ಕಾಗದದಲ್ಲಿ ಸುತ್ತಿಟ್ಟಿದ್ದ ಮೂರನೆಯದೊಂದನ್ನು ತೆಗೆದರು. ಅದೇ ಅಂಕಿಯ, ಎಂದೂ ಬಳಸದ ಅಸಲು ಜೆಟ್ಟು. ಪಕ್ಕದ ಅಂಗಡಿಯವನ ಬೀಡಿಯನ್ನು ಆರಿಸಿ ಬಂದು, ಒಂದು ಇಂಜೆಕ್ಷನ್ ಪಿಚಕಾರಿಯ ತುದಿಗೆ ರಬ್ಬರು ಕೊಳವೆಯಿಂದ ಜೆಟ್ಟನ್ನು ಸೇರಿಸಿ, ನೆಟ್ಟಗೆ ನಿಲ್ಲಿಸಿ, 10 ಮಿಲಿಲೀಟರು ಪೆಟ್ರೋಲು ತುಂಬಿ ತನ್ನಷ್ಟಕ್ಕೆ ಇಳಿಯಬಿಟ್ಟರು. ಮಗ ಗಡಿಯಾರ ಹಿಡಿದ. ಬಳಸದ ಅಸಲು ಜೆಟ್ಟಿನಲ್ಲಿ ಅದು ಖಾಲಿಯಾಗಲು 70 ಸೆಕೆಂಡು ಹಿಡಿಯಿತು. ನಕಲಿನಲ್ಲಿ 84. ನಮ್ಮ ಹಳೆಯ ಅಸಲು ಜೆಟ್ಟಿನಲ್ಲಿ 55!

ನಕಲು ಕಡಿಮೆ ಕೊಡುತ್ತಿತ್ತೆಂಬುದು ಪಿಸ್ಟನ್ನಿನ ಗೀರುಗಳಿಂದಲೇ ತಿಳಿದಿತ್ತು. ಆದರೆ ನಮ್ಮ ಅಸಲು ಅಷ್ಟೊಂದು ಹೆಚ್ಚು ಕೊಡುವುದೇಕೆ? ಮೆಕ್ಯಾನಿಕರು ಭೂತಗನ್ನಡಿ ಹಿಡಿದು ನೋಡಿ ನಕ್ಕರು. "ಪಿನ್ನು ಹಾಕಿ ಚುಚ್ಚಿದ್ದಾರೆ, ಸ್ವಾಮಿ."

ನಡುದಾರಿಯಲ್ಲಿ ಲೂನಾ ನಿಂತಾಗಲೆಲ್ಲ ಜೆಟ್ಟು ಬಿಚ್ಚಿ ಸೇಫ್ಟಿ ಪಿನ್ನಿನಿಂದ ಚುಚ್ಚಿ ಊದುವುದು ತಂದೆಯವರ ಅಭ್ಯಾಸವಾಗಿತ್ತು. ಅಂದಿನ ದಿನಗಳಲ್ಲಿ ಯಾರು ಮಾಡಲಿಲ್ಲ? ಹಿತ್ತಾಳೆ ಮೆತು, ಪಿನ್ನಿನ ಉಕ್ಕು ಗಟ್ಟಿ. ಪ್ರತಿ ಸಲವೂ ರಂಧ್ರ ಕಾಣದಷ್ಟು ಹಿಗ್ಗಿದೆ. ಕೊನೆಯ ವರ್ಷಗಳಲ್ಲಿ ಲೂನಾ ವಿಪರೀತ ಹೊಗೆ ಬಿಡುತ್ತ ಪೆಟ್ರೋಲು ಕುಡಿಯುತ್ತಿದ್ದುದಕ್ಕೆ ತಂದೆಯವರು ಬಂಕಿನವರ ಕಲಬೆರಕೆಯನ್ನು ಶಪಿಸುತ್ತಿದ್ದರು. ಆ ಬಂಕಿನವರ ಕ್ಷಮೆಯನ್ನು ನಾನು ಈ ಮೂಲಕ ಕೇಳಿದ್ದೇನೆ. ಜೆಟ್ಟು ಕಟ್ಟಿಕೊಂಡರೆ ದ್ರಾವಕದಲ್ಲಿ ನೆನೆಸಿ ಗಾಳಿಯಿಂದ ಊದಬೇಕು. ತೀರ ಅನಿವಾರ್ಯವಾದರೆ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದು ಎಳೆ, ಅಥವಾ ಕಡ್ಡಿಪೊರಕೆಯ ತುದಿಯ ಸೀಳು. ಉಕ್ಕಿನ ಪಿನ್ನು ಕೂಡದು.

ನಕಲು ಮಾಡುವವರು ಎಡವುವುದೆಲ್ಲಿ?

ಅಸಲು ತಯಾರಕರಿಗೆ ಇರುವ ವಿದ್ಯೆ ನಕಲು ಮಾಡುವವರಿಗೆ ಇಲ್ಲವೆಂದಲ್ಲ. ಅರ್ಧ ಮಿಲಿಮೀಟರಿನ ರಂಧ್ರ ಕೊರೆಯುವ ಯಂತ್ರ ಇಂದು ಎಲ್ಲೆಡೆಯೂ ದೊರೆಯುತ್ತದೆ. ತೊಂದರೆ ಬೇರೆ. ಒಂದನೆಯದಾಗಿ, ಮೂಲ ನಕ್ಷೆ ಕೈಯಲ್ಲಿಲ್ಲದವನು ಮಾರುಕಟ್ಟೆಯಲ್ಲಿ ಸಿಕ್ಕ ಒಂದು ಮಾದರಿಯನ್ನು ಅಳೆದು ಅಚ್ಚು ಮಾಡುತ್ತಾನೆ. ಆ ಮಾದರಿ ನಮ್ಮದರಂತೆ ಸವೆದದ್ದಾಗಿದ್ದರೆ ಸವೆತವೂ ಸಾವಿರಗಟ್ಟಲೆ ನಕಲಾಗುತ್ತದೆ. ಎರಡನೆಯದು, ಕೊರೆಯುವ ಮೊಳೆಯೂ ಸವೆಯುತ್ತದೆ. ಅದನ್ನು ಆಗಾಗ ಬದಲಿಸದಿದ್ದರೆ, ಕೊರೆದ ಜೆಟ್ಟುಗಳಲ್ಲಿ ದ್ರವ ಹಾಯಿಸಿ ಪರೀಕ್ಷಿಸದಿದ್ದರೆ, ಅಂಕಿ ಒಂದು, ಹರಿವು ಇನ್ನೊಂದು. ಪರೀಕ್ಷೆಗೆ ಖರ್ಚು ತಗಲುತ್ತದೆ. ನಕಲು ಅಗ್ಗವಾಗಿರುವುದೇ ಆ ಖರ್ಚನ್ನು ಉಳಿಸಿ.

ಅಂಕಿಯ ವಿಷಯದಲ್ಲಿ ಇನ್ನೊಂದು ಗೊಂದಲವುಂಟು. ಜಪಾನಿನ ಮಿಕುನಿ ಕಂಪನಿಯ ಆರು ಮೂಲೆಯ ಜೆಟ್ಟುಗಳಲ್ಲಿ ಅಂಕಿ ಸೂಚಿಸುವುದು ರಂಧ್ರದ ವ್ಯಾಸವನ್ನಲ್ಲ, ಹರಿವಿನ ಪ್ರಮಾಣವನ್ನು. ಡೆಲ್ಲೋರ್ಟೊದ 50ಕ್ಕೂ ಮಿಕುನಿಯ 50ಕ್ಕೂ ಸಂಬಂಧವಿಲ್ಲ. ಅಂಗಡಿಯ ಹುಡುಗ ಅಂಕಿ ನೋಡಿ ಎರಡೂ ಒಂದೇ ಎಂದರೆ ನಂಬತಕ್ಕದ್ದಲ್ಲ.

ಲೋಹದ ವಿಚಾರವೂ ಇದೆ. ಸಣ್ಣ ಕಾರ್ಬುರೇಟರುಗಳ ಮೈಯನ್ನು ಸಾಮಾನ್ಯವಾಗಿ ಸತುವಿನ ಇಲ್ಲವೆ ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಸತುವಿನ ಎರಕಕ್ಕೆ ಒಂದು ವಿಚಿತ್ರ ರೋಗ ಬರುವುದುಂಟು. ಅದರಲ್ಲಿ ಸೀಸ, ತವರಗಳ ಅಂಶ ಲವಲೇಶ ಹೆಚ್ಚಾದರೂ ತೇವದ ಹವೆಯಲ್ಲಿ ಒಳಗೊಳಗೇ ಬಿರಿದು ಕೆಲವೇ ವರ್ಷಗಳಲ್ಲಿ ಹುಳು ಹಿಡಿದ ಹಲ್ಲಿನಂತೆ ಪುಡಿಯಾಗುತ್ತದೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧವಾದ ಸತುವಿನಿಂದ 'ಜಮಾಕ್' ಎಂಬ ಮಿಶ್ರಲೋಹಗಳನ್ನು ತಯಾರಿಸಿದ ಮೇಲೆ ಈ ರೋಗ ಹತೋಟಿಗೆ ಬಂದಿತು. ಗುಜರಿಯ ಸತುವನ್ನು ಕರಗಿಸಿ ಎರಕ ಹೊಯ್ದರೆ ರೋಗ ಮತ್ತೆ ಬರುತ್ತದೆ. ಮಂಗಳೂರು, ಕಾರವಾರದಂಥ ತೇವದ ಊರಿನವರು ಅಗ್ಗದ ಕಾರ್ಬುರೇಟರು ಕೊಳ್ಳುವ ಮುನ್ನ ಇದನ್ನು ನೆನೆಯುವುದು ಮೇಲು.

ಹಾಗಾದರೆ ಮೂಲ ಕಂಪನಿಯದಲ್ಲದ್ದೆಲ್ಲ ತ್ಯಾಜ್ಯವೇ? ಹಾಗೆನ್ನಲಾಗದು. ನಮ್ಮ ಲೂನಾವೇ ಚಾವ್‌ನ ಪ್ರತಿರೂಪವಲ್ಲವೆ? ಆದರೆ ಅದು ಪರವಾನಗಿ ಪಡೆದು, ನಕ್ಷೆ ಪಡೆದು ಮಾಡಿದ ಪ್ರತಿರೂಪ. ಡೆಲ್ಲೋರ್ಟೊ ಕಾರ್ಬುರೇಟರುಗಳು ಕೂಡ ಹಾಗೆಯೇ ನಮ್ಮ ದೇಶದಲ್ಲಿ 'ಸ್ಪಾಕೊ' ಎಂಬ ಹೆಸರಿನಿಂದ ಪರವಾನಗಿಯಡಿ ತಯಾರಾದವು, ಎಲ್.ಎಂ.ಎಲ್. ವೆಸ್ಪಾ ಓಡಿಸಿದವರು ಆ ಹೆಸರನ್ನು ಕಂಡಿರುತ್ತಾರೆ. ಎರಡನೆಯ ಬಗೆ, ಪೇಟೆಂಟಿನ ಅವಧಿ ಮುಗಿದ ಹಳೆಯ ವಿನ್ಯಾಸವನ್ನು ನೋಡಿ ತನ್ನದೇ ಹೆಸರಿನಲ್ಲಿ ಮಾಡಿ ಮಾರುವವನದು. ಅದು ಅಪರಾಧವಲ್ಲ, ಸರಕು ಕೆಟ್ಟರೆ ಅವನ ಹೆಸರೇ ಕೆಡುವುದರಿಂದ ಅಷ್ಟಿಷ್ಟು ಜಾಗ್ರತೆ ವಹಿಸುತ್ತಾನೆ. ಮೂರನೆಯವನು ಬೇರೆಯವರ ಹೆಸರನ್ನೇ, ಇಲ್ಲವೆ ಕಣ್ತಪ್ಪಿಸುವಷ್ಟು ಹತ್ತಿರದ ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸುವವನು. 1999ರ ವ್ಯಾಪಾರ ಚಿಹ್ನೆಗಳ ಕಾನೂನಿನ ದೃಷ್ಟಿಯಲ್ಲಿ ಇದು ಅಪರಾಧ. ನಮ್ಮ ಮನೆಗೆ ಬಂದ ಡಬ್ಬಿ ಈ ಮೂರನೆಯ ಬಗೆಯದು.

ಅಸಲು ಅಂಕಿಯೂ ಇಂದು ಸಾಲದು

ಬಳಸದ ಅಸಲು ಜೆಟ್ಟು ಸಿಕ್ಕಿತಲ್ಲ, ಅದನ್ನು ಹಾಕಿದರೆ ಮುಗಿಯಿತೆಂದು ನಾನು ತಿಳಿದಿದ್ದೆ. ಮಗ ತಲೆಯಾಡಿಸಿದ. ಲೂನಾಗೆ ಆ ಅಂಕಿಯನ್ನು ಗೊತ್ತುಮಾಡಿದ ಕಾಲದಲ್ಲಿ ಬಂಕಿನಲ್ಲಿ ಸಿಗುತ್ತಿದ್ದುದು ಬರಿಯ ಪೆಟ್ರೋಲು. ಈಗ ಸಿಗುವುದರಲ್ಲಿ ಕಬ್ಬು, ಧಾನ್ಯಗಳಿಂದ ಇಳಿಸಿದ ಎಥನಾಲನ್ನು ಬೆರೆಸಿರುತ್ತಾರೆ. ನಮ್ಮ ದೇಶದಲ್ಲಿ ಈ ಪ್ರಮಾಣ 2022ರಲ್ಲಿ ಶೇಕಡ 10ಕ್ಕೂ 2025ರಲ್ಲಿ ಶೇಕಡ 20ಕ್ಕೂ ಏರಿತು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಎರಡೂ ಬೆರೆತಾಗ, ಅದೇ ಗಾಳಿಗೆ ಮೊದಲಿಗಿಂತ ಹೆಚ್ಚು ಇಂಧನ ಕೊಡಬೇಕಾಗುತ್ತದೆ. ಮಗನ ಲೆಕ್ಕದಲ್ಲಿ ಸುಮಾರು ಶೇಕಡ 8ರಷ್ಟು. ಹೊಸ ಗಾಡಿಗಳಲ್ಲಿ ಇದನ್ನು ಯಂತ್ರವೇ ಸರಿದೂಗಿಸಿಕೊಳ್ಳುತ್ತದೆ. ಲೂನಾದ ಒಂಟಿ ಜೆಟ್ಟಿಗೆ ಆ ಬುದ್ಧಿಯಿಲ್ಲ. 50ರ ಜಾಗದಲ್ಲಿ 52 ಹಾಕಿದರೆ ರಂಧ್ರದ ವಿಸ್ತಾರ ಹೆಚ್ಚುವುದು ಕೂಡ ಶೇಕಡ 8! ಹೀಗಾಗಿ ಕಾರ್ಖಾನೆಯ ಅಸಲು ಅಂಕಿಯನ್ನೇ ಹಿಡಿದು ಕುಳಿತರೆ ಅದೂ ಈಗ ಸ್ವಲ್ಪ ತೆಳುವೇ ಆದೀತು. ಇದರ ಮೇಲೆ, ಎಥನಾಲು ಹಳೆಯ ಬಗೆಯ ರಬ್ಬರು ಉಂಗುರಗಳನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಬಟ್ಟಲಿನಲ್ಲಿ ಪೆಟ್ರೋಲು ಬಿಡಬಾರದು. ನಲ್ಲಿ ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಬಟ್ಟಲನ್ನು ಬರಿದು ಮಾಡಬೇಕು.

ಅಂತೂ ಒಪ್ಪಂದವಾದದ್ದು ಹೀಗೆ. ಮೈ ನಮ್ಮ ಹಳೆಯ ಅಸಲಿನದು. ಸೂಜಿ, ಉಂಗುರಗಳು ಹೊಸವು. ಸವೆದ ಸ್ಲೈಡಿಗೆ ಬದಲಾಗಿ ನಕಲಿನ ಸ್ಲೈಡನ್ನೇ ಹಾಕಿ ನೋಡಿದರು. ಅದು ಅಸಲಿನ ಮೈಯಲ್ಲಿ ಅಳತೆಗೆ ಹೊಲಿಸಿದಂತೆ ಕೂತಿತು! ಅದನ್ನು ತೆಗೆದುಹಾಕಲು ಮೆಕ್ಯಾನಿಕರು ಒಪ್ಪಲಿಲ್ಲ. "ಕಳ್ಳನ ಮನೇಲೂ ಒಂದು ಒಳ್ಳೆ ಪಾತ್ರೆ ಇರುತ್ತೆ ಸ್ವಾಮಿ" ಎಂದರು. ಜೆಟ್ಟು, ಮೊದಲು ಅಸಲು ಅಂಕಿಯದು. ಅದರಲ್ಲಿ ಎರಡು ಮೈಲಿ ಓಡಿಸಿ ಪ್ಲಗ್ಗು ಬಿಚ್ಚಿದಾಗ ತುದಿ ಮಾಸಲು ಬಿಳಿ. ಎರಡು ಅಂಕಿ ಮೇಲಿನದನ್ನು ಹಾಕಿ ಮತ್ತೆ ಓಡಿಸಿ ನೋಡಿದಾಗ ಹದವಾಗಿ ಹುರಿದ ಕಾಫಿಪುಡಿಯ ಬಣ್ಣ. ಅಲ್ಲಿಗೆ ನಿಲ್ಲಿಸಿದರು. ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ನು ಹಾಕಿಸಲು ಆದ ಖರ್ಚಿನಲ್ಲಿ ಅಸಲು ಕಾರ್ಬುರೇಟರನ್ನೇ ಕೊಂಡು ಇನ್ನೂ ಹಣ ಉಳಿಯುತ್ತಿತ್ತೆಂಬುದನ್ನು ನನ್ನ ಮನೆಯವರು ಈಗಲೂ ವಾರಕ್ಕೊಮ್ಮೆ ನೆನಪಿಸುತ್ತಾರೆ. 2024ರಲ್ಲಿ ಲೂನಾ ಎಂಬ ಹೆಸರು ವಿದ್ಯುತ್ ಗಾಡಿಯಾಗಿ ಮರಳಿ ಬಂದಿದೆ, ಅದಕ್ಕೆ ಕಾರ್ಬುರೇಟರಿನ ಕಾಟವೇ ಇಲ್ಲ ಎಂದೂ ಸೇರಿಸುತ್ತಾರೆ.

ಗಾಡಿ ಮನೆಗೆ ಬಂದ ಸಂಜೆ ಮಗ ಅದನ್ನು ಜಗಲಿಯ ಮುಂದೆ ನಿಲ್ಲಿಸಿ ತುಳಿದ. ತಂದೆಯವರು ಹಿಂದಿನಂತೆಯೇ ಕಣ್ಣು ಮುಚ್ಚಿ ಕುಳಿತರು. ಈ ಸಲ ಏನೂ ಹೇಳಲಿಲ್ಲ. ಎರಡು ನಿಮಿಷವಾದ ಮೇಲೆ, "ಸಾಕು, ಪೆಟ್ರೋಲು ದಂಡ" ಎಂದು ಒಳಗೆ ಎದ್ದು ಹೋದರು. ಪಿನ್ನಿನಿಂದ ಚುಚ್ಚಿಸಿಕೊಂಡ ಆ ಹಳೆಯ ಜೆಟ್ಟನ್ನು ಅವರು ಬಿಸಾಡಲು ಬಿಟ್ಟಿಲ್ಲ. ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿಯಿಟ್ಟು ಅದರ ಮೇಲೆ ಮಲಗಿಸಿ, ಪೊಟ್ಟಣದ ಮೇಲೆ ಅಂಚೆ ಕಚೇರಿಯ ದುಂಡಗಿನ ಅಕ್ಷರದಲ್ಲಿ, "ಲೂನಾ ಜೆಟ್ಟು. ಅಸಲು. ಉಪಯೋಗಿಸಕೂಡದು" ಎಂದು ಬರೆದಿಟ್ಟಿದ್ದಾರೆ.